ಬುಧ ರವಿಯ ಪಕ್ಕದ ಮನೆ ದಾಟುವುದಿಲ್ಲ ಯಾಕೆ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಬಹುಪಾಲು ಬುಧ, ಶುಕ್ರರ ಬಗ್ಗೆಯೇ ಇವೆ. ಒಬ್ಬರಿಗೆ ಜಾತಕದ ಚಿಂತೆ, ಒಬ್ಬರಿಗೆ ಮದುವೆ ಮುಹೂರ್ತದ್ದು, ಒಬ್ಬ ಹುಡುಗನಿಗೆ ಬೆಳ್ಳಿ ಚುಕ್ಕಿಯದು. ಎಲ್ಲದಕ್ಕೂ ಉತ್ತರ ಒಂದೇ ಚಿತ್ರದಲ್ಲಿ ಇರುವುದರಿಂದ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು ಇವನ್ನಷ್ಟೇ ತೆಗೆದುಕೊಂಡಿದ್ದೇನೆ. ಮಕ್ಕಳ ಜ್ಯಾಮಿತಿ ಪೆಟ್ಟಿಗೆಯಿಂದ ಕೈವಾರ, ಸ್ಕೇಲು, ಕೋನಮಾಪಕ ತೆಗೆದು, ಒಂದು ಬಿಳಿ ಹಾಳೆಯ ಜೊತೆ ಪಕ್ಕದಲ್ಲಿಟ್ಟುಕೊಂಡು ಓದಿ.

ಮೇಡಂ, ನಮ್ಮ ಮನೆಯ ಎಲ್ಲರ ಜಾತಕಗಳನ್ನೂ ಒಮ್ಮೆ ಹರಡಿಕೊಂಡು ನೋಡಿದೆ. ಗುರು, ಶನಿ, ಕುಜ ಒಬ್ಬೊಬ್ಬರದ್ದರಲ್ಲಿ ಒಂದೊಂದು ಕಡೆ ಇದ್ದಾರೆ. ಬುಧ ಮಾತ್ರ ರವಿಯ ಜೊತೆಯಲ್ಲೇ, ಇಲ್ಲವೇ ಪಕ್ಕದ ಮನೆಯಲ್ಲಿ. ಒಬ್ಬರದ್ದರಲ್ಲೂ ಇದು ತಪ್ಪಿಲ್ಲ. ಇದು ನಮ್ಮ ವಂಶಕ್ಕೆ ಬಂದದ್ದೇ? – ಗೃಹಿಣಿ, ತಿಪಟೂರು

ನಿಮ್ಮ ವಂಶಕ್ಕೆ ಮಾತ್ರ ಅಲ್ಲ, ಭೂಮಿಯ ಮೇಲೆ ಹುಟ್ಟಿದ ಎಲ್ಲರಿಗೂ ಬಂದದ್ದು. ಪಕ್ಕದ ಮನೆಯವರ ಜಾತಕ ಕೇಳಿ ನೋಡಿ, ಅಲ್ಲೂ ಹಾಗೆಯೇ ಇರುತ್ತದೆ.

ರಾಗಿ ಕಣದಲ್ಲಿ ನಡುವೆ ಮೇಟಿ ನೆಟ್ಟು, ಅದಕ್ಕೆ ಎತ್ತು ಕಟ್ಟಿ ಹಂತಿ ಹೊಡೆಯುವುದನ್ನು ನಿಮ್ಮ ಕಡೆ ನೋಡಿಯೇ ಇರುತ್ತೀರಿ. ನೀವು ಕಣದ ಹೊರಗೆ ಬದುವಿನ ಮೇಲೆ ನಿಂತಿದ್ದೀರಿ ಅನ್ನಿ. ಎತ್ತು ಎಷ್ಟು ಸುತ್ತು ಹಾಕಿದರೂ ನಿಮಗೆ ಅದು ಮೇಟಿಯಿಂದ ಎಡಕ್ಕೆ ಒಂದಿಷ್ಟು ದೂರ, ಬಲಕ್ಕೆ ಒಂದಿಷ್ಟು ದೂರ ಹೋಗಿ ಬಂದಂತೆ ಕಾಣುತ್ತದೆಯೇ ಹೊರತು ನಿಮ್ಮ ಬೆನ್ನ ಹಿಂದೆ ಬರುವುದಿಲ್ಲ. ಹಗ್ಗ ಉದ್ದವಾದಷ್ಟೂ ಎಡಬಲದ ಆ ದೂರ ಹೆಚ್ಚು. ಬುಧ, ಶುಕ್ರರ ಕಕ್ಷೆಗಳು ನಮ್ಮ ಕಕ್ಷೆಯ ಒಳಗಿವೆ, ನಾವು ಹೊರಗೆ ನಿಂತವರು. ಗುರು, ಶನಿ, ಕುಜರ ಕಣ ನಮ್ಮದಕ್ಕಿಂತ ದೊಡ್ಡದು, ಅಲ್ಲಿ ನಾವೇ ಒಳಗಿನವರು. ಅದಕ್ಕೇ ಅವರು ನಡುರಾತ್ರಿ ನೆತ್ತಿಯ ಮೇಲೂ ಬರಬಲ್ಲರು, ರವಿಗೆ ನೇರ ಎದುರಿನ ಮನೆಯಲ್ಲೂ ಕೂರಬಲ್ಲರು.

ಈಗ ಹಾಳೆ ತೆಗೆದುಕೊಳ್ಳಿ. ನಡುವೆ ಒಂದು ಚುಕ್ಕಿ, ಅದು ಸೂರ್ಯ. ಅಲ್ಲಿಂದ 10 ಸೆಂಟಿಮೀಟರ್ ದೂರದಲ್ಲಿ ಇನ್ನೊಂದು ಚುಕ್ಕಿ, ಅದು ಭೂಮಿ. ಕೈವಾರದ ಮೊನೆಯನ್ನು ಸೂರ್ಯನ ಮೇಲಿಟ್ಟು 3.9 ಸೆಂಟಿಮೀಟರಿನ ಒಂದು ವೃತ್ತ, 7.2 ಸೆಂಟಿಮೀಟರಿನ ಇನ್ನೊಂದು ವೃತ್ತ ಬರೆಯಿರಿ. ಚಿಕ್ಕದು ಬುಧನದು, ದೊಡ್ಡದು ಶುಕ್ರನದು. ಭೂಮಿಯ ಚುಕ್ಕಿಯಿಂದ ಆಯಾ ವೃತ್ತವನ್ನು ಸವರಿಕೊಂಡು ಹೋಗುವ ಹಾಗೆ ಗೆರೆ ಎಳೆದು, ಭೂಮಿ-ಸೂರ್ಯರ ಗೆರೆಗೂ ಅದಕ್ಕೂ ನಡುವಿನ ಕೋನ ಅಳೆಯಿರಿ. ಬುಧನಿಗೆ 23 ಡಿಗ್ರಿ, ಶುಕ್ರನಿಗೆ 46 ಡಿಗ್ರಿ ಬರುತ್ತದೆ. ಅದರಾಚೆಗೆ ಹೋಗಲು ಅವರಿಗೆ ಹಾದಿಯೇ ಇಲ್ಲ.

ಬುಧನ ವಿಷಯದಲ್ಲಿ ಒಂದು ತಿದ್ದುಪಡಿ ಬೇಕು. ಅದರ ಕಕ್ಷೆ ಸರಿಯಾದ ವೃತ್ತವಲ್ಲ, ಚೆನ್ನಾಗಿಯೇ ಹಿಗ್ಗಿದ ದೀರ್ಘವೃತ್ತ. ಸೂರ್ಯನಿಂದ ಅದರ ದೂರ ಒಮ್ಮೆ 4.6 ಕೋಟಿ ಕಿಲೋಮೀಟರ್ ಇದ್ದರೆ ಇನ್ನೊಮ್ಮೆ ಸುಮಾರು 7 ಕೋಟಿ. ಹಾಗಾಗಿ ಮಿತಿ ಒಂದೇ ಸಮ ಇರುವುದಿಲ್ಲ. ಕೆಲವು ಸಲ 18 ಡಿಗ್ರಿಗೇ ಹಿಂದಿರುಗುತ್ತದೆ, ಕೆಲವು ಸಲ 28ರವರೆಗೆ ಹೋಗುತ್ತದೆ. ಶುಕ್ರನ ಕಕ್ಷೆ ಹೆಚ್ಚುಕಮ್ಮಿ ವೃತ್ತವೇ ಆದ್ದರಿಂದ ಅದರದ್ದು ಸದಾ 45ರಿಂದ 48ರೊಳಗೆ.

ಒಂದು ರಾಶಿಗೆ 30 ಡಿಗ್ರಿ. ರವಿ ರಾಶಿಯ ಯಾವ ಭಾಗದಲ್ಲಿದ್ದರೂ ಅಲ್ಲಿಂದ 28 ಡಿಗ್ರಿ ಮುಂದೆ ಅಥವಾ ಹಿಂದೆ ಎಣಿಸಿದರೆ ಅದೇ ರಾಶಿ, ಇಲ್ಲವೇ ಪಕ್ಕದ್ದು. ರವಿಯಿಂದ ಎಣಿಸಿ ಬುಧನಿಗೆ 1, 2, 12ನೆಯ ಮನೆಗಳಷ್ಟೇ. ಶುಕ್ರನಿಗೆ ಇವುಗಳ ಜೊತೆಗೆ 3 ಮತ್ತು 11 ಕೂಡ. ನಮ್ಮ ತಾತ ಜಾತಕ ಬರೆಯುತ್ತಿದ್ದವರು. ಬೇರೆ ಯಾರೋ ಬರೆದ ಜಾತಕ ಕೈಗೆ ಬಂದರೆ ಮೊದಲು 'ರ' ಎಲ್ಲಿದೆ, 'ಶು' ಎಲ್ಲಿದೆ ಎಂದು ನೋಡುತ್ತಿದ್ದರು. ರವಿಯಿಂದ ನಾಲ್ಕನೆಯ ಮನೆಯಲ್ಲಿ ಶುಕ್ರ ಕೂತಿದ್ದರೆ ಮುಂದೆ ಓದದೆ ಮಡಿಸಿ ಕೊಟ್ಟುಬಿಡುತ್ತಿದ್ದರು. ಗಣಿತ ತಪ್ಪಿದ ಮೇಲೆ ಫಲದ ಮಾತೇನು ಎನ್ನುವುದು ಅವರ ವಾದ. ಫಲದ ಬಗ್ಗೆ ನನಗೆ ನಂಬಿಕೆಯಿಲ್ಲ, ಈ ಅಂಕಣದ ವಿಷಯವೂ ಅದಲ್ಲ. ಆದರೆ ತಾತನ ಆ ಪರೀಕ್ಷೆ ಅಪ್ಪಟ ಖಗೋಳವಿಜ್ಞಾನ.

ಅಂದ ಹಾಗೆ, ರವಿ-ಬುಧ ಒಂದೇ ಮನೆಯಲ್ಲಿದ್ದರೆ ಬುಧಾದಿತ್ಯ ಯೋಗ ಎಂದು ಬೀಗುವವರಿದ್ದಾರೆ. ಬುಧ ಒಂದು ಸುತ್ತಿನಲ್ಲಿ ಎಷ್ಟೆಷ್ಟು ಕೋನದಲ್ಲಿ ಎಷ್ಟು ಹೊತ್ತು ಇರುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ಸರಿಸುಮಾರು ಅರ್ಧದಷ್ಟು ಜನರಿಗೆ ಈ ಯೋಗ ಇದ್ದೇ ಇರುತ್ತದೆ.

ಬೆಳ್ಳಿ ಚುಕ್ಕಿಯನ್ನು ಮಧ್ಯರಾತ್ರಿ ನೋಡಬಹುದೇ? – 8ನೆಯ ತರಗತಿ ವಿದ್ಯಾರ್ಥಿ, ಸಿಂಧನೂರು

ನಮ್ಮ ರಾಜ್ಯದಲ್ಲಿ ನಿಂತು ನೋಡಲಾಗುವುದಿಲ್ಲ, ಮರಿ. ಆಕಾಶ ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತದೆ. 47ನ್ನು 15ರಿಂದ ಭಾಗಿಸು, ಮೂರು ಗಂಟೆಗೆ ಸ್ವಲ್ಪ ಮೇಲೆ ಬರುತ್ತದೆ. ಸೂರ್ಯ ಮುಳುಗಿದ ಮೇಲೆ ಶುಕ್ರ ಹೆಚ್ಚೆಂದರೆ ಅಷ್ಟು ಹೊತ್ತು ಇರಬಲ್ಲದು, ಅಥವಾ ಬೆಳಿಗ್ಗೆ ಅಷ್ಟು ಹೊತ್ತು ಮುಂಚೆ ಹುಟ್ಟಬಲ್ಲದು. ಋತುವಿಗೆ ತಕ್ಕಂತೆ ಸ್ವಲ್ಪ ಆಚೀಚೆ ಆಗುತ್ತದೆ. ಮಧ್ಯರಾತ್ರಿ ನೀನು ನೋಡಿದ ಹೊಳೆಯುವ ಚುಕ್ಕಿ ಗುರು ಇರಬೇಕು.

ಕಕ್ಷೆ ಗೊತ್ತಿದ್ದರೆ ಕೋನ ಸಿಗುತ್ತದೆ, ಸರಿ. ಆದರೆ ಸೂರ್ಯನಿಂದ ಶುಕ್ರನವರೆಗೆ ಯಾರೂ ಟೇಪು ಹಿಡಿದು ಅಳೆದಿಲ್ಲವಲ್ಲ? – ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ನಡೆದದ್ದು ತಿರುಗುಮುರುಗಾಗಿ. ಮೊದಲು ಸಿಕ್ಕಿದ್ದು ಕೋನ, ಕಕ್ಷೆಯ ಅಳತೆ ಬಂದದ್ದು ಅದರಿಂದ. ಶುಕ್ರ ಸೂರ್ಯನಿಂದ ಅತಿ ದೂರ ಕಂಡ ದಿನ ನಮ್ಮ ದೃಷ್ಟಿಯ ಗೆರೆ ಅದರ ಕಕ್ಷೆಗೆ ಸ್ಪರ್ಶಕ, ಅಂದರೆ ಶುಕ್ರನ ಬಳಿ ಲಂಬಕೋನ. ಲಂಬಕೋನ ತ್ರಿಭುಜದಲ್ಲಿ ಒಂದು ಕೋನ 46 ಡಿಗ್ರಿ ಎಂದು ಗೊತ್ತಾದರೆ ಬಾಹುಗಳ ಪ್ರಮಾಣ ತಾನಾಗಿ ಬರುತ್ತದೆ. 46 ಡಿಗ್ರಿಯ ಸೈನ್ 0.72. ಭೂಮಿಯ ದೂರ 1 ಆದರೆ ಶುಕ್ರನದು 0.72. 1543ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಕೊಪರ್ನಿಕಸ್ ಸೂರ್ಯನನ್ನು ನಡುವೆ ಕೂರಿಸಿದಾಗ ಸಿಕ್ಕ ದೊಡ್ಡ ಲಾಭ ಇದು. ಗ್ರಹಗಳ ದೂರಗಳು ಒಂದೇ ಅಳತೆಗೋಲಿಗೆ ಬಂದವು.

ಈ ಪ್ರಮಾಣ ಅದಕ್ಕೂ ಬಹಳ ಹಿಂದೆ ನಮ್ಮ ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತದಲ್ಲಿ ಬೇರೆ ವೇಷದಲ್ಲಿ ಕೂತಿದೆ. ಅಲ್ಲಿ ಭೂಮಿಯೇ ಕೇಂದ್ರ. ಬುಧ, ಶುಕ್ರರ ಸರಾಸರಿ ಸ್ಥಾನ ಎಂದರೆ ರವಿಯ ಸರಾಸರಿ ಸ್ಥಾನವೇ, ಅದರ ಸುತ್ತ ಶೀಘ್ರ ಪರಿಧಿ ಎಂಬ ಸಣ್ಣ ವೃತ್ತ. ದೊಡ್ಡ ವೃತ್ತದ ಪರಿಧಿ 360 ಆದರೆ ಶುಕ್ರನ ಶೀಘ್ರ ಪರಿಧಿ 262, ಕಕ್ಷೆಯ ಇನ್ನೊಂದು ಭಾಗದಲ್ಲಿ 260. ಭಾಗಿಸಿ ನೋಡಿ: 0.728, 0.722. ಇವತ್ತಿನ ಲೆಕ್ಕ 0.723. ಬುಧನಿಗೆ ಅಲ್ಲಿ 133, ಅಂದರೆ 0.369. ಇವತ್ತಿನದು 0.387. ಬುಧನಲ್ಲಿ ವ್ಯತ್ಯಾಸ ಹೆಚ್ಚಾದರೆ ಅಚ್ಚರಿಯಿಲ್ಲ, ಅದು ಕಣ್ಣಿಗೆ ಬೀಳುವುದೇ ಅಪರೂಪ, ಮೇಲಾಗಿ ಕಕ್ಷೆ ಹಿಗ್ಗಿದ್ದು. ಇದನ್ನು ಹಿಡಿದುಕೊಂಡು 'ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು' ಎನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ಶುಕ್ರ ಸೂರ್ಯನನ್ನು ಸುತ್ತುತ್ತದೆ ಎಂದು ಆ ಗ್ರಂಥ ಹೇಳುವುದಿಲ್ಲ. ಕೋನವನ್ನು ಚೆನ್ನಾಗಿ ಅಳೆದರು, ಅಳತೆ ಸುಳ್ಳಾಗಲಿಲ್ಲ, ಅಷ್ಟೇ. ಬುಧ, ಶುಕ್ರರ ವೃತ್ತಗಳನ್ನು ನಿಜಕ್ಕೂ ರವಿಯ ಸುತ್ತ ಬರೆದು ಲೆಕ್ಕವನ್ನು ತಿದ್ದಿದವರು ಕೇರಳದ ನೀಲಕಂಠ ಸೋಮಯಾಜಿ, 1500ರ ಸುಮಾರಿನ ತಂತ್ರಸಂಗ್ರಹದಲ್ಲಿ.

ಮಗಳ ಮದುವೆಗೆ ಛತ್ರ ನೋಡಿ ಬಂದ ಮೇಲೆ ಪುರೋಹಿತರು ಶುಕ್ರ ಮೌಢ್ಯ ಅಂದರು, ಎರಡು ತಿಂಗಳ ಹತ್ತಿರ ಮುಹೂರ್ತವಿಲ್ಲವಂತೆ. ಅದಕ್ಕೆ ಹಿಂದಿನ ಮೌಢ್ಯ ಒಂದೇ ವಾರದಲ್ಲಿ ಮುಗಿದಿತ್ತು. ಅದೇ ಶುಕ್ರ, ಅದೇ ಸೂರ್ಯ, ಇಷ್ಟು ವ್ಯತ್ಯಾಸ ಹೇಗೆ? – ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ

ಪುರೋಹಿತರು ಹೇಳಿದ ಲೆಕ್ಕ ಸರಿ. ಛತ್ರದ ಮುಂಗಡದ ವಿಷಯ ನೀವೂ ಅವರೂ ಮಾತಾಡಿಕೊಳ್ಳಿ.

ಮೌಢ್ಯ ಎಂದರೆ ಗ್ರಹ ಸೂರ್ಯನ ಪ್ರಭೆಯಲ್ಲಿ ಮುಳುಗಿ ಕಣ್ಣಿಗೆ ಕಾಣದ ಅವಧಿ. ಶುಕ್ರನಿಗೆ ಅದು ಎರಡು ಬಗೆಯಲ್ಲಿ ಬರುತ್ತದೆ. ಒಂದು, ನಮಗೂ ಸೂರ್ಯನಿಗೂ ನಡುವೆ ಈಚೆ ಬದಿಯಲ್ಲಿ ದಾಟುವಾಗ. ಇನ್ನೊಂದು, ಸೂರ್ಯನ ಹಿಂದೆ ಆಚೆ ಬದಿಯಲ್ಲಿ ದಾಟುವಾಗ. ಈಚೆ ದಾಟುವಾಗ ಶುಕ್ರ ವಕ್ರಗತಿಯಲ್ಲಿರುತ್ತದೆ. ನಕ್ಷತ್ರಗಳ ನಡುವೆ ಅದು ದಿನಕ್ಕೆ 0.6 ಡಿಗ್ರಿ ಹಿಂದಕ್ಕೆ, ಸೂರ್ಯ 1 ಡಿಗ್ರಿ ಮುಂದಕ್ಕೆ. ಎದುರು ಬದುರಾಗಿ ಹೋಗುವುದರಿಂದ ದಿನಕ್ಕೆ 1.6 ಡಿಗ್ರಿ ಅಂತರ. ಆಚೆ ಬದಿಯಲ್ಲಿ ಇಬ್ಬರೂ ಒಂದೇ ದಿಕ್ಕಿಗೆ ಹೊರಟಿರುತ್ತಾರೆ, ಶುಕ್ರ ದಿನಕ್ಕೆ 1.25 ಡಿಗ್ರಿ, ಸೂರ್ಯ 1 ಡಿಗ್ರಿ. ಅಂತರ ಬೆಳೆಯುವುದು ದಿನಕ್ಕೆ ಬರೀ ಕಾಲು ಡಿಗ್ರಿ.

ಶುಕ್ರ ಕಾಣಲು ಸೂರ್ಯನಿಂದ ಎಷ್ಟು ದೂರವಿರಬೇಕು ಎಂಬುದಕ್ಕೆ ಸೂರ್ಯಸಿದ್ಧಾಂತ ಕೊಡುವ ಅಂಕಿ ಈಚೆ ಬದಿಯಲ್ಲಿ 8 ಡಿಗ್ರಿ, ಆಚೆ ಬದಿಯಲ್ಲಿ 10. ಈಚೆ ಬಂದಾಗ ಬಿಂಬ ದೊಡ್ಡದು, ಅದಕ್ಕೇ ಬೇಗ ಕಾಣುತ್ತದೆ ಎಂದು ಕಾರಣವನ್ನೂ ಕೊಡುತ್ತದೆ. ಈಗ ನೀವೇ ಭಾಗಿಸಿ, ಬ್ಯಾಂಕಿನವರಿಗೆ ಹೇಳಿಕೊಡಬೇಕೇ? ಈಚೆ ಬದಿಯಲ್ಲಿ ಎರಡೂ ಕಡೆ ಸೇರಿ 16 ಡಿಗ್ರಿ, ದಿನಕ್ಕೆ 1.6ರಂತೆ ಹತ್ತು ದಿನ. ಆಚೆ ಬದಿಯಲ್ಲಿ 20 ಡಿಗ್ರಿ, ದಿನಕ್ಕೆ ಕಾಲರಂತೆ 80 ದಿನ. ಕಾಣುವ ಮಿತಿಯನ್ನು ಇನ್ನೂ ಸಣ್ಣದಾಗಿ ಹಿಡಿಯುವ ಪಂಚಾಂಗಗಳಿವೆ, ಅವುಗಳಲ್ಲಿ ಇದು ಎರಡು ತಿಂಗಳ ಆಸುಪಾಸಿಗೆ ಇಳಿಯುತ್ತದೆ. ಈಚೆ ಬದಿಯ ಮೌಢ್ಯ ವಾರಕ್ಕೆ ಇಳಿಯಲು ಇನ್ನೊಂದು ಕಾರಣವೂ ಇದೆ. ಶುಕ್ರನ ಕಕ್ಷೆ ನಮ್ಮದಕ್ಕೆ 3.4 ಡಿಗ್ರಿ ಓರೆ. ಹತ್ತಿರ ಬಂದಾಗ ಆ ಓರೆ ನಮಗೆ ಎದ್ದು ಕಾಣುತ್ತದೆ. 2025ರ ಮಾರ್ಚ್ 23ರಂದು ಶುಕ್ರ ಈಚೆ ಬದಿಯಲ್ಲಿ ದಾಟಿದಾಗ ಸೂರ್ಯನಿಗೆ 8 ಡಿಗ್ರಿಗೂ ಹೆಚ್ಚು ಉತ್ತರದಲ್ಲಿತ್ತು.

ಇದೇ ಅಸಮತೆ ಇಡೀ ಸುತ್ತಿಗೂ ಇದೆ. 2025ರ ಜನವರಿ 10ರ ಸಂಜೆ ಶುಕ್ರ ಸೂರ್ಯನಿಂದ 47 ಡಿಗ್ರಿ ಪೂರ್ವದಲ್ಲಿತ್ತು. ಅಲ್ಲಿಂದ ಇಳಿದು, ಸೂರ್ಯನನ್ನು ದಾಟಿ, ಬೆಳಗಿನ ಕಡೆಯ ತುದಿ ಮುಟ್ಟಿದ್ದು ಜೂನ್ 1ರಂದು, 142 ದಿನಕ್ಕೆ. ಆ ತುದಿಯಿಂದ ಮತ್ತೆ ಸಂಜೆಯ ತುದಿಗೆ 2026ರ ಆಗಸ್ಟ್ 15, ಅಂದರೆ 440 ದಿನ. ನೀವು ಬರೆದ ಚಿತ್ರಕ್ಕೆ ಮರಳಿ ಬನ್ನಿ. ಭೂಮಿಯಿಂದ ಎಡಕ್ಕೂ ಬಲಕ್ಕೂ ಶುಕ್ರನ ವೃತ್ತಕ್ಕೆ ಸ್ಪರ್ಶಕಗಳನ್ನು ಎಳೆಯಿರಿ. ಅವು ಮುಟ್ಟುವ ಎರಡು ಬಿಂದುಗಳನ್ನು ಸೂರ್ಯನಿಗೆ ಸೇರಿಸಿ ಕೋನ ಅಳೆದರೆ ಈಚೆ ಬದಿಯ ತುಂಡು 88 ಡಿಗ್ರಿಯಷ್ಟೇ, ಆಚೆಯದು 272 ಡಿಗ್ರಿ. ಶುಕ್ರನ ಪೂರ್ತಿ ಸುತ್ತು ನಮ್ಮ ಕಣ್ಣಿಗೆ 584 ದಿನ. ಅದನ್ನು 88ಕ್ಕೆ 272ರಂತೆ ಹಂಚಿ ನೋಡಿ, 143 ಮತ್ತು 441 ಬರುತ್ತದೆ. ಇಷ್ಟು ಸರಳ ಚಿತ್ರ ಆಕಾಶದ ತಾರೀಖನ್ನು ಒಂದು ದಿನದ ಹತ್ತಿರಕ್ಕೆ ಹೇಳಿಬಿಡುವುದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದಾಗ ಹಿಂದಿನ ಬೆಂಚಿನವರೂ ಕ್ಯಾಲ್ಕುಲೇಟರ್ ತೆಗೆಯುತ್ತಿದ್ದರು.

ಎಡಿನ್‌ಬರೋಗೆ ಬಂದ ಮೇಲೆ ಬುಧ ಸಿಕ್ಕೇ ಇಲ್ಲ. ಊರಿನಲ್ಲಿ ಅಪ್ಪ ಬರಿಗಣ್ಣಿಗೆ ತೋರಿಸಿದ್ದರು. ಇಲ್ಲಿನ ಮೋಡದ್ದೇ ತಪ್ಪೋ, ಇನ್ನೇನಾದರೂ ಇದೆಯೋ? – ಸಾಫ್ಟ್‌ವೇರ್ ಎಂಜಿನಿಯರ್, ಮೂಲತಃ ಚಳ್ಳಕೆರೆ

ಮೋಡದ ಪಾಲು ಇದ್ದೀತು, ಆದರೆ ಮುಖ್ಯ ತಕರಾರು ಓರೆಯದು. ಸೂರ್ಯನಿಂದ 20 ಡಿಗ್ರಿ ದೂರ ಎಂದರೆ ಸಾಲದು, ಆ 20 ಡಿಗ್ರಿ ದಿಗಂತದಿಂದ ನೆಟ್ಟಗೆ ಮೇಲಕ್ಕೋ, ದಿಗಂತಕ್ಕೆ ಒರಗಿಕೊಂಡೋ ಎಂಬುದು ಮುಖ್ಯ. ಗ್ರಹಗಳು ಕ್ರಾಂತಿವೃತ್ತದ, ಅಂದರೆ ನಕ್ಷತ್ರಗಳ ನಡುವೆ ಸೂರ್ಯ ವರ್ಷವಿಡೀ ಸಾಗುವ ಹಾದಿಯ, ಗೆರೆಗೆ ಅಂಟಿಕೊಂಡೇ ಇರುತ್ತವೆ. ಸೂರ್ಯಾಸ್ತದ ಹೊತ್ತಿಗೆ ಆ ಗೆರೆ ನಮ್ಮ ಚಿತ್ರದುರ್ಗದ ಕಡೆ ಮಾರ್ಚ್‌ನಲ್ಲಿ ಬಹುತೇಕ ಲಂಬ, ಅತಿ ಓರೆಯಾದ ಸೆಪ್ಟೆಂಬರ್‌ನಲ್ಲೂ 50 ಡಿಗ್ರಿಗೆ ಕಡಿಮೆಯಿಲ್ಲ. ನಿಮ್ಮ ಎಡಿನ್‌ಬರೋ 56 ಡಿಗ್ರಿ ಉತ್ತರದಲ್ಲಿದೆ. ಅಲ್ಲಿ ದಿಗಂತದಿಂದ ಆ ಗೆರೆಯ ಏರು ಮಾರ್ಚ್ ಸಂಜೆ 57 ಡಿಗ್ರಿ, ಸೆಪ್ಟೆಂಬರ್ ಸಂಜೆ 10-11 ಡಿಗ್ರಿ ಮಾತ್ರ. ಬುಧ ಸೂರ್ಯನ ಪಕ್ಕಕ್ಕೆ ಸರಿದಿರುತ್ತದೆ, ಮೇಲಕ್ಕೆ ಏರಿರುವುದಿಲ್ಲ. ಕಟ್ಟಡಗಳ ಹಿಂದೆ ಸೂರ್ಯನ ಜೊತೆಗೇ ಮುಳುಗಿಬಿಡುತ್ತದೆ. ಇದರ ಮೇಲೆ ನಿಮ್ಮಲ್ಲಿ ಮುಸ್ಸಂಜೆಯ ಬೆಳಕೂ ಬಹಳ ಹೊತ್ತು ಆರುವುದಿಲ್ಲ.

ಉತ್ತರದವರಿಗೆ ಇನ್ನೊಂದು ಅನ್ಯಾಯವೂ ಆಗಿದೆ. ಬುಧನ ಕಕ್ಷೆ ಹಿಗ್ಗಿರುವ ದಿಕ್ಕು ಹೇಗಿದೆಯೆಂದರೆ, ಮಾರ್ಚ್ ಸಂಜೆಗಳಲ್ಲಿ, ಗೆರೆ ಚೆನ್ನಾಗಿ ಎದ್ದು ನಿಂತಾಗ, ಅದು 18-19 ಡಿಗ್ರಿಗೇ ಹಿಂದಿರುಗುತ್ತದೆ. 27 ಡಿಗ್ರಿ ಹೋಗುವ ಸಂಜೆಗಳು ಆಗಸ್ಟ್ ಹೊತ್ತಿಗೆ, ಗೆರೆ ಮಲಗಿದಾಗ. ಬುಧನ ಒಳ್ಳೆಯ ದರ್ಶನವೆಲ್ಲ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದವರ ಪಾಲು. ನಮ್ಮ ಕರ್ನಾಟಕದವರಿಗೆ ಆಗಸ್ಟ್ ಕೂಡ ಕೋನದ ಲೆಕ್ಕದಲ್ಲಿ ಪರವಾಗಿಲ್ಲ, ಆದರೆ ಆಗ ಮಳೆಗಾಲ! ಹಾಗಾಗಿ ನಮಗೂ ಉಳಿಯುವುದು ಫೆಬ್ರವರಿ-ಮಾರ್ಚ್ ಸಂಜೆಗಳೇ.

2025ರ ಮಾರ್ಚ್ ಎರಡನೆಯ ವಾರ ನಮ್ಮ ಬೀದಿಯ ಮಕ್ಕಳನ್ನು ಮಾಳಿಗೆ ಹತ್ತಿಸಿದ್ದೆ. ಪಡುವಣದಲ್ಲಿ ಶುಕ್ರ ಬೇಗನೆ ಕಂಡಿತು, ಅದನ್ನು ಯಾರೂ ತೋರಿಸಬೇಕಾಗಿರಲಿಲ್ಲ. ಅದರ ಎಡಕ್ಕೆ, ಸ್ವಲ್ಪ ಕೆಳಗೆ ನೋಡುತ್ತಿರಿ ಎಂದೆ. ಸೂರ್ಯ ಮುಳುಗಿ ಅರ್ಧ ಗಂಟೆಯಾಗಿತ್ತು. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅಡ್ಡಕ್ಕೆ ಸುಮಾರು 10 ಡಿಗ್ರಿ. ದಿಗಂತದ ಮೇಲೆ ಒಂದು ಮುಷ್ಟಿ ಇಟ್ಟು ಅದರ ಮೇಲಂಚಿನಲ್ಲಿ ಹುಡುಕಿದಾಗ ಮಾಸಿದ ಹಳದಿ ಚುಕ್ಕಿಯೊಂದು ಮೊದಲು ಸಿಕ್ಕಿದ್ದು ಕನ್ನಡಕದ ಒಬ್ಬ ಹುಡುಗಿಗೆ. 'ಇಷ್ಟೇನಾ?' ಅಂದಳು. ಇಷ್ಟೇ, ಅದಕ್ಕಿಂತ ಹೆಚ್ಚೇನೂ ಕಾಣುವುದಿಲ್ಲ. ನಿಮಗೆ ಅಲ್ಲಿ ಮಾರ್ಚ್-ಏಪ್ರಿಲ್ ಸಂಜೆ, ಅಥವಾ ಸೆಪ್ಟೆಂಬರ್-ಅಕ್ಟೋಬರ್ ಬೆಳಗಿನ ಜಾವ ಸಿಗಬಹುದು. ತೆರೆದ ಬಯಲಿಗೆ ಅಥವಾ ಗುಡ್ಡದ ಮೇಲೆ ಹೋಗಿ. ಬೈನಾಕ್ಯುಲರ್ ಒಯ್ಯುವುದಾದರೆ ಸಂಜೆ ಸೂರ್ಯ ಪೂರ್ತಿ ಮುಳುಗಿದ ಮೇಲೆಯೇ ಕಣ್ಣಿಗೆ ಹಿಡಿಯಿರಿ, ಬೆಳಗಿನಲ್ಲಿ ಸೂರ್ಯ ಹುಟ್ಟುವ ಮೊದಲೇ ಕೆಳಗಿಳಿಸಿ. ಇದರಲ್ಲಿ ರಿಯಾಯಿತಿ ಇಲ್ಲ.

ಶುಕ್ರ ಪ್ರತಿ ಸುತ್ತಿನಲ್ಲೂ ನಮಗೂ ಸೂರ್ಯನಿಗೂ ನಡುವೆ ದಾಟುತ್ತದೆ ಅಂತೀರಿ. ಹಾಗಾದರೆ 2004, 2012ರಲ್ಲಿ ಕಂಡ ಕಪ್ಪು ಚುಕ್ಕೆ ಆಮೇಲೆ ಯಾಕೆ ಕಂಡಿಲ್ಲ? – ಪ್ರೌಢಶಾಲಾ ಶಿಕ್ಷಕರು, ಗಂಗಾವತಿ

ಮೌಢ್ಯದ ಉತ್ತರದಲ್ಲಿ ಹೇಳಿದ 3.4 ಡಿಗ್ರಿ ಓರೆಯೇ ಕಾರಣ. ಬಹಳ ಸಲ ಶುಕ್ರ ಸೂರ್ಯಬಿಂಬದ ಮೇಲಿಂದಲೋ ಕೆಳಗಿಂದಲೋ ಹಾದುಹೋಗುತ್ತದೆ. ಬಿಂಬದ ಅಗಲವೇ ಅರ್ಧ ಡಿಗ್ರಿ. ಎರಡು ಕಕ್ಷೆಗಳ ತಲಗಳು ಸಂಧಿಸುವ ಗೆರೆಯನ್ನು ಭೂಮಿ ದಾಟುವುದು ಈ ಕಾಲದಲ್ಲಿ ಜೂನ್ ಮತ್ತು ಡಿಸೆಂಬರ್ ಮೊದಲ ಭಾಗದಲ್ಲಿ. ಶುಕ್ರ ಈಚೆ ಬದಿಯಲ್ಲಿ ದಾಟುವ ಯುತಿಯೂ ಅದೇ ದಿನಗಳಿಗೆ ಬಿದ್ದರೆ ಮಾತ್ರ ಸಂಕ್ರಮ, ಅಂದರೆ ಗ್ರಹ ಬಿಂಬದ ಮೇಲೆಯೇ ಕಪ್ಪು ಚುಕ್ಕೆಯಾಗಿ ಹಾದುಹೋಗುವುದು. 584 ದಿನದ ಐದು ಸುತ್ತು ಸೇರಿದರೆ ಎಂಟು ವರ್ಷಕ್ಕೆ ಎರಡೂವರೆ ದಿನದಷ್ಟು ಕಡಿಮೆ. ಅದಕ್ಕೇ 2004ರ ಜೂನ್ 8ರದ್ದು 2012ರಲ್ಲಿ ಜೂನ್ 6ಕ್ಕೆ ಬಂತು. 2020ರ ಜೂನ್ 3ಕ್ಕೆ ಬರುವಷ್ಟರಲ್ಲಿ ಗುರಿ ತಪ್ಪಿ ಬಿಂಬದ ಹೊರಗೇ ದಾಟಿತು. ಇನ್ನು 2117ರ ಡಿಸೆಂಬರ್ 11ಕ್ಕೆ.

1874ರ ಡಿಸೆಂಬರ್ 9ರ ಸಂಕ್ರಮದ ಸಮಯದಲ್ಲಿ ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಜನಸಾಮಾನ್ಯರಿಗಾಗಿ ದೇಶಭಾಷೆಯಲ್ಲಿ ಅದನ್ನು ವಿವರಿಸಿ ಪುಸ್ತಿಕೆ ಬರೆದಿದ್ದರು. ನಿಮ್ಮ ಮಕ್ಕಳಿಗೆ ಆ ಕಥೆಯನ್ನೂ ಹೇಳಿ.

ಅವರಿಗೆ ಕಾಣುವಂಥದ್ದು ಬುಧನ ಸಂಕ್ರಮ, 2032ರ ನವೆಂಬರ್ 13, ಶನಿವಾರ. ನಮ್ಮಲ್ಲಿ ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಶುರುವಾಗಿ ನಾಲ್ಕೂವರೆ ದಾಟುವವರೆಗೆ ಇರುತ್ತದೆ. ಶುಕ್ರನ ಚುಕ್ಕೆ ಗ್ರಹಣದ ಕನ್ನಡಕದಲ್ಲೇ ಕಂಡಿತ್ತು, ಬುಧನದು ಅದರ ಆರನೆಯ ಒಂದು ಭಾಗದಷ್ಟಿರುವುದರಿಂದ ದೂರದರ್ಶಕ ಬೇಕೇ ಬೇಕು. ಶಾಲೆಯಲ್ಲಿ ಸಣ್ಣ ದೂರದರ್ಶಕ ಇದ್ದರೆ ಕಣ್ಣಿಟ್ಟು ನೋಡುವ ಬದಲು ಸೂರ್ಯನ ಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿ ತೋರಿಸಿ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಿರುತ್ತದೆ, ಮಕ್ಕಳನ್ನು ಮೊದಲೇ ಒಪ್ಪಿಸಿಟ್ಟುಕೊಳ್ಳಿ.